ಕಿರುಚಿದ್ದು ಸ್ಯಾಕ್ಸೋಫೋನ್: ಪಬ್ಲಿಕ್ ಎನಿಮಿಯ 1988ರ ಆಲ್ಬಮ್ಮಿನ ಪ್ರಭಾವ ಕುರಿತು

ಅಮೆರಿಕದ ರ‍್ಯಾಪ್ ತಂಡ ಪಬ್ಲಿಕ್ ಎನಿಮಿಯ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’ ಬಗ್ಗೆ ಬರೆಯುವವರು ಒಂದು ತೀರ್ಮಾನವನ್ನು ಪರೀಕ್ಷಿಸದೆ ಒಬ್ಬರಿಂದೊಬ್ಬರು ಎತ್ತಿಕೊಳ್ಳುತ್ತ ಬಂದಿದ್ದಾರೆ. ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಪೇರಿಸಿ ಕಟ್ಟಿದ ಈ ಆಲ್ಬಮ್ಮಿನ ಪ್ರಭಾವಕ್ಕೆ ನ್ಯಾಯಾಲಯವೇ ಕೊನೆ ಹಾಡಿತು ಎಂಬುದು ಆ ತೀರ್ಮಾನ. 1991ರ ಡಿಸೆಂಬರಿನಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಪ್ರಕರಣದ ನ್ಯಾಯಾಧೀಶ ಕೆವಿನ್ ಡಫಿ ಅನುಮತಿಯಿಲ್ಲದ ಸ್ಯಾಂಪ್ಲಿಂಗನ್ನು, ಅಂದರೆ ಇಂಥ ತುಣುಕುಗಳ ಬಳಕೆಯನ್ನು, ಕಳ್ಳತನದ ಸಾಲಿಗೆ ಸೇರಿಸಿದ್ದು ನಿಜ. ಆಮೇಲೆ ತುಣುಕುಗಳು ದುಬಾರಿಯಾದದ್ದೂ ನಿಜ. ಪ್ರಭಾವ ಅಲ್ಲಿಗೆ ನಿಂತಿತೆಂಬುದನ್ನು ಮಾತ್ರ ನಾನು ಒಪ್ಪಲಾರೆ. ಈ ವಾದ ಹುಟ್ಟಿದ್ದು ತೀರ್ಪಿಗೂ ಹಳೆಯದಾದ ಒಂದು ತಪ್ಪಿನಿಂದ: ಒಂದು ದನಿಯನ್ನು ಸರಿಯಾಗಿ ಕೇಳಿಸಿಕೊಳ್ಳದ್ದರಿಂದ.

1987ರಲ್ಲೇ ಸಿಂಗಲ್ ಆಗಿ ಬಂದ, ಇದೇ ಆಲ್ಬಮ್ಮಿನ ‘ರೆಬೆಲ್ ವಿದೌಟ್ ಎ ಪಾಸ್’ ಹಾಡಿನುದ್ದಕ್ಕೂ ಮೇಲೇರುವ ಒಂದು ಕಿರುಚು ಕೇಳುತ್ತದೆ. ಕೆಲವರು ಅದನ್ನು ಸೈರನ್ ಎಂದರು, ಕೆಲವರು ಕುದಿಯುವ ಕೆಟಲಿನ ಸಿಳ್ಳೆ ಎಂದರು. ಅಷ್ಟರ ಮೇಲೆ, ಬೀದಿಯ ಗದ್ದಲವನ್ನು ಅನುಕರಿಸಿ ಅದರ ಮೇಲೆ ಘೋಷಣೆ ಕೂಗಿದ ಆಲ್ಬಮ್ ಇದು ಎಂದು ತೀರ್ಮಾನಿಸಿಬಿಟ್ಟರು. ಅದು ಟೆನರ್ ಸ್ಯಾಕ್ಸೋಫೋನು. ಜೇಮ್ಸ್ ಬ್ರೌನ್ ಅವರ ವಾದ್ಯತಂಡ ಜೆ.ಬಿ.ಸ್ 1970ರಲ್ಲಿ ನುಡಿಸಿದ ‘ದಿ ಗ್ರಂಟ್’ನ ಆರಂಭದ ಸ್ವರಜಾರು. (ಇದನ್ನೂ ಬ್ರೌನ್ ಅವರ ಖಾತೆಗೇ ಜಮಾ ಮಾಡುವವರಿದ್ದಾರೆ, ಸ್ಯಾಕ್ಸೋಫೋನ್ ವಾದಕ ರಾಬರ್ಟ್ ಮೆಕಲೊ ಅವರ ಹೆಸರೆತ್ತದೆ ಈ ಹಾಡಿನ ಚರಿತ್ರೆ ಬರೆಯುವುದು ಅನ್ಯಾಯ.) ಎರಡನ್ನೂ ಒಂದರ ಹಿಂದೊಂದು ಕೇಳಬೇಕು. ಮೂಲದಲ್ಲಿ ಆ ಜಾರು ಕರೆ ಕೊಟ್ಟು ಸರಿಯುತ್ತದೆ, ತಂಡ ತಾಳ ಹಿಡಿಯುತ್ತದೆ. ಪಬ್ಲಿಕ್ ಎನಿಮಿಯ ನಿರ್ಮಾಪಕರಾದ ಬಾಂಬ್ ಸ್ಕ್ವಾಡ್ ಅದನ್ನು ಇಳಿಯಲು ಬಿಡುವುದಿಲ್ಲ: ಏರಿದ್ದೇ ಕತ್ತರಿಸಿ, ಮತ್ತೆ ಮೊದಲಿನಿಂದ ಏರಿಸುತ್ತದೆ. ಕೇಳುಗನಿಗೆ ಬಿಡುಗಡೆ ಸಿಗದಂತೆ ಮಾಡಿದ ಈ ಕೆಲಸ ಸ್ವರಸಂಯೋಜನೆಯೇ ಹೊರತು ಗದ್ದಲದ ನಕಲಲ್ಲ. ಅಡಿಯ ಲಯ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ್ದು. ಅದನ್ನು ಯಂತ್ರದ ಪುನರಾವರ್ತನೆಗೆ ಒಪ್ಪಿಸದೆ, ಪಬ್ಲಿಕ್ ಎನಿಮಿಯ ಫ್ಲೇವರ್ ಫ್ಲೇವ್ ಐದು ನಿಮಿಷವೂ ಕೈಯಿಂದಲೇ ಒತ್ತಿ ನುಡಿಸಿದರು. ಆ ಲಯ ಒಮ್ಮೆ ಕೂದಲೆಳೆಯಷ್ಟು ಮುಂದೆ, ಒಮ್ಮೆ ಹಿಂದೆ ಬೀಳುವುದು ಅದಕ್ಕೇ.

ಹೀಗೆ ಕೇಳಿದರೆ ಆಲ್ಬಮ್ಮು ದಾಟಿಸಿದ್ದು ಒಂದು ಕ್ರಮವನ್ನು: ಸಮುದಾಯದ ಸಂಗೀತಸ್ಮೃತಿಯಿಂದ ಆಯ್ದು, ಕತ್ತರಿಸಿ, ಕರ್ಕಶವನ್ನೇ ರಚನೆಯಾಗಿಸುವುದು. ತುಣುಕಿಗೆ ಪರವಾನಗಿ ಬೇಕು, ಈ ಕ್ರಮಕ್ಕೆ ಬೇಡ. ತೀರ್ಪಿನ ನಂತರದ ಬಲವಾದ ಸಾಕ್ಷ್ಯ 1995ರಲ್ಲಿ ಬಂದ, ಬ್ರಿಸ್ಟಲ್‌ನ ಟ್ರಿಕಿಯ ‘ಮ್ಯಾಕ್ಸಿನ್‌ಕ್ವೇ’ ಆಲ್ಬಮ್ಮಿನಲ್ಲಿದೆ. ಪಬ್ಲಿಕ್ ಎನಿಮಿಯ 1988ರ ಆಲ್ಬಮ್ಮಿನ ‘ಬ್ಲ್ಯಾಕ್ ಸ್ಟೀಲ್ ಇನ್ ದಿ ಅವರ್ ಆಫ್ ಕೇಯಾಸ್’ ಐಸಾಕ್ ಹೇಸ್ ಅವರ 1969ರ ಪಿಯಾನೊ ತುಣುಕಿನ ಮೇಲೆ ನಿಂತ ಹಾಡು. ಸೈನ್ಯಕ್ಕೆ ಸೇರಲೊಪ್ಪದೆ ಜೈಲು ಸೇರಿದವನ ಕಥೆ. ಅದೇ ಹಾಡನ್ನು ಮತ್ತೆ ಕಟ್ಟುವಾಗ ಟ್ರಿಕಿ ಆ ಪಿಯಾನೊವನ್ನು ಕೈಬಿಟ್ಟು, ಕೈದಿಯ ಮಾತುಗಳನ್ನು ಗಾಯಕಿ ಮಾರ್ಟಿನಾ ಟಾಪ್ಲಿ-ಬರ್ಡ್ ಅವರಿಂದ ಹಾಡಿಸಿ, ಒರಟು ಗಿಟಾರುಗಳ ಜೊತೆಗೆ ಎ.ಆರ್. ರಹಮಾನ್ ಅವರ ‘ರುಕ್ಕುಮಣಿ ರುಕ್ಕುಮಣಿ’ಯ ತುಣುಕನ್ನು ಬೆರೆಸಿದರು. ಅದೇ ‘ರೋಜಾ’ ಚಿತ್ರದ ಹಾಡು. ಇದನ್ನು ಪೂರ್ವದೇಶದ ಒಗ್ಗರಣೆಯೆಂದು ಅರ್ಧ ಸಾಲಿನಲ್ಲಿ ಮುಗಿಸುವ ಬರಹಗಳ ಬಗ್ಗೆ ನನಗೆ ತಾಳ್ಮೆಯಿಲ್ಲ. ಮೂಲದ ಆಧಾರ ತುಣುಕನ್ನೇ ಬಿಟ್ಟು, ಮದ್ರಾಸಿನ ತಾಳ ತಂದು, ಅದೇ ಕ್ರಮದಲ್ಲಿ ಕಟ್ಟಿದ ಹಾಡು ಇದು. 1991ಕ್ಕೆ ಗೆರೆ ಎಳೆಯುವ ಚರಿತ್ರಕಾರರು ಇದಕ್ಕೆ ಯಾವ ಅಧ್ಯಾಯದಲ್ಲಿ ಜಾಗ ಕೊಡುತ್ತಾರೆಂದು ಹೇಳಲಿ.