ಲಿಂಕನ್ ಕದನ (1217)

ಇಂಗ್ಲೆಂಡಿನ ಮೊದಲನೆಯ ಬ್ಯಾರನರ ಯುದ್ಧದಲ್ಲಿ (1215-17) ಲಿಂಕನ್ ಕೋಟೆಯ ಮುತ್ತಿಗೆಯನ್ನು ತೆರವುಗೊಳಿಸಲು ರಾಜಪಕ್ಷದ ಸೇನೆ 1217ರ ಮೇ 20ರಂದು ನಡೆಸಿದ ಕದನ. ದೊರೆ ಜಾನ್ ಮ್ಯಾಗ್ನಕಾರ್ಟದಿಂದ ಹಿಂದೆ ಸರಿದಾಗ ಬಂಡೆದ್ದ ಬ್ಯಾರನರು ಫ್ರಾನ್ಸಿನ ರಾಜಕುಮಾರ ಲೂಯಿಯನ್ನು ಸಿಂಹಾಸನಕ್ಕೆ ಆಹ್ವಾನಿಸಿದ್ದರು. 1216ರಲ್ಲಿ ಜಾನ್ ತೀರಿಕೊಂಡ ಮೇಲೆ, ಒಂಬತ್ತು ವರ್ಷದ 3ನೆಯ ಹೆನ್ರಿಯ ಪರವಾಗಿ ವಿಲಿಯಂ ಮಾರ್ಷಲ್ ರಾಜ್ಯಭಾರ ವಹಿಸಿಕೊಂಡ. ಲಿಂಕನ್ ನಗರ ಬಂಡಾಯಗಾರರ ಕೈಸೇರಿದರೂ ಗುಡ್ಡದ ಮೇಲಿನ ಕೋಟೆಯನ್ನು ಅದರ ಅಧಿಪತಿಯಾಗಿದ್ದ ವೃದ್ಧ ವಿಧವೆ ನಿಕೋಲಾ ಡಿ ಲಾ ಹೇ ಬಿಟ್ಟುಕೊಡಲಿಲ್ಲ.

ಲೂಯಿ ತನ್ನ ಸೇನೆಯನ್ನು ಒಡೆದು ಒಂದು ಪಾಲನ್ನು ಡೋವರ್ ಮುತ್ತಿಗೆಗೆ ಇಟ್ಟುಕೊಂಡದ್ದು ಮಾರ್ಷಲನಿಗೆ ಅನುಕೂಲವಾಯಿತು. ಅವನು ನ್ಯೂವಾರ್ಕ್‌ನಲ್ಲಿ ಸುಮಾರು 400 ನೈಟ್‌ಗಳನ್ನೂ 300ಕ್ಕೂ ಹೆಚ್ಚು ಅಡ್ಡಬಿಲ್ಲುಗಾರರನ್ನೂ ಕೂಡಿಸಿದ. ರಾಜಪಕ್ಷದ ನಾಯಕ ಫಾಕ್ಸ್ ಡಿ ಬ್ರೊಟೆಯ ಅಡ್ಡಬಿಲ್ಲುಗಾರರು ಕೋಟೆಯೊಳಕ್ಕೆ ಸೇರಿ ಗೋಡೆಯ ಮೇಲಿಂದ ಶತ್ರುಗಳ ಕುದುರೆಗಳನ್ನು ಉರುಳಿಸುತ್ತಿದ್ದಂತೆ ಮುಖ್ಯ ಪಡೆ ನಗರದ್ವಾರದಿಂದ ನುಗ್ಗಿತು. ಎಪ್ಪತ್ತರ ಆಸುಪಾಸಿನ ಮಾರ್ಷಲ್ ಶಿರಸ್ತ್ರಾಣ ತೊಡಲು ಮರೆತೇ ಮುನ್ನುಗ್ಗಲು ಹೊರಟಿದ್ದನೆಂದು ಅವನ ಪದ್ಯರೂಪದ ಜೀವನಚರಿತ್ರೆ ಹೇಳುತ್ತದೆ. ಇಕ್ಕಟ್ಟಾದ ಬೀದಿಗಳಲ್ಲಿ ಹೋರಾಟ ನಡೆದು, ಕೆಥೀಡ್ರಲ್ ಬಳಿ ಫ್ರೆಂಚ್ ದಂಡನಾಯಕ ಪರ್ಷ್‌ನ ಕೌಂಟ್ ಥಾಮಸ್ ಶಿರಸ್ತ್ರಾಣದ ಕಣ್ಣುಸಂದಿಯಲ್ಲಿ ಈಟಿ ತಿವಿದು ಸತ್ತ. ರಾಬರ್ಟ್ ಫಿಟ್ಜ್‌ವಾಲ್ಟರ್ ಮೊದಲಾದ ಬಂಡಾಯದ ಮುಖಂಡರು ಸೆರೆಸಿಕ್ಕರು.

ನೈಟ್‌ಗಳಲ್ಲಿ ಸತ್ತವರು ಕೆಲವರೇ. ಪೆಟ್ಟು ಬಿದ್ದದ್ದು ಊರಿನವರಿಗೆ. ಗೆದ್ದ ಸೈನಿಕರು ನಗರವನ್ನೂ ಚರ್ಚುಗಳನ್ನೂ ಸೂರೆಗೈದರು. ದೋಣಿಗಳಲ್ಲಿ ತಪ್ಪಿಸಿಕೊಳ್ಳಹೋದ ಹೆಂಗಸರು, ಮಕ್ಕಳು ನದಿಯಲ್ಲಿ ಮುಳುಗಿದರು. ಈ ಸೂರೆಗೆ ವ್ಯಂಗ್ಯವಾಗಿ 'ಲಿಂಕನ್ ಜಾತ್ರೆ' ಎಂಬ ಹೆಸರು ಉಳಿಯಿತು. ಆಗಸ್ಟ್ 24ರ ಸ್ಯಾಂಡ್‌ವಿಚ್ ನೌಕಾಕದನದಲ್ಲೂ ಸೋತ ಲೂಯಿ ಸೆಪ್ಟೆಂಬರಿನ ಲ್ಯಾಂಬೆತ್ ಒಪ್ಪಂದದಂತೆ ಇಂಗ್ಲೆಂಡಿನ ಸಿಂಹಾಸನದ ಹಕ್ಕನ್ನು ಬಿಟ್ಟುಕೊಟ್ಟ.