ಎದೆಹಾಲಿನ ಕೊರತೆ: ಕಾರಣ ಮತ್ತು ಹಾಲು ತೆಗೆದಿಡುವ ಕ್ರಮ

ರಾಯಚೂರು: ದೇವದುರ್ಗ, ಮಾನ್ವಿ ಭಾಗದಲ್ಲಿ ಹತ್ತಿ ಬಿಡಿಸಲು, ಭತ್ತದ ನಾಟಿಗೆ ಕೂಲಿ ಹೋಗುವ ತಾಯಿ ಕೂಸನ್ನು ಅಜ್ಜಿಯ ಬಳಿ ಬಿಟ್ಟರೆ ಹಾಲುಣಿಸುವ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಂತೆ ಹಾಲೂ ಕುಗ್ಗುತ್ತದೆ.

ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಹಾಲನ್ನು ಉತ್ಪಾದಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಹರಿಸುತ್ತದೆ. ಸ್ತನ ಬರಿದಾದಷ್ಟೂ ಹೊಸ ಹಾಲು ತುಂಬುತ್ತದೆ.

ಕೊರತೆ ನಿಜವೇ?
ಮಗು ಅಳುವುದು, ಸ್ತನ ಮೆತ್ತಗಾಗುವುದು ಕೊರತೆಯ ಲಕ್ಷಣವಲ್ಲ. ಐದನೆಯ ದಿನದ ನಂತರ ದಿನಕ್ಕೆ 6 ಅಥವಾ ಹೆಚ್ಚು ಬಾರಿ ಮೂತ್ರ ವಿಸರ್ಜಿಸುತ್ತಿದ್ದು, ಎರಡು ವಾರದೊಳಗೆ ಜನನದ ತೂಕ ಮರಳಿದರೆ ಹಾಲು ಸಾಕಾಗಿದೆ ಎಂದರ್ಥ. ಜೇನುತುಪ್ಪ, ಸಕ್ಕರೆ ನೀರು ಕೊಡುವುದು, ಹೆರಿಗೆಯಲ್ಲಿ ಅತಿ ರಕ್ತಸ್ರಾವ, ಥೈರಾಯ್ಡ್ ದೋಷ ಇವು ಕೊರತೆಗೆ ಕಾರಣವಾಗಬಲ್ಲವು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯೂ ಸರಿಯಲ್ಲ. ಅಳವಿ, ಮೆಂತ್ಯ, ಸಬ್ಬಸಿಗೆ ಉತ್ತಮ ಆಹಾರವೇ. ಆದರೆ ಅವು ಪದೇ ಪದೇ ಹಾಲುಣಿಸುವುದಕ್ಕೆ ಬದಲಿಯಾಗಲಾರವು.

ತೆಗೆಯುವ ವಿಧಾನ
ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳು ಮೇಲೆ, ಉಳಿದ ಬೆರಳುಗಳು ಕೆಳಗಿರಲಿ. ಎದೆಗೂಡಿನತ್ತ ಒತ್ತಿ, ಹಿಂಡಿ, ಬಿಡಿ. ಪಂಪ್ ಬಳಸುವುದಾದರೆ ನೋವಾಗುವಷ್ಟು ಸೆಳೆತ ಬೇಡ. ಬಿಡಿಭಾಗಗಳನ್ನು ಪ್ರತಿ ಬಾರಿ ತೊಳೆಯಬೇಕು. ಮಗು ದೂರವಿದ್ದರೆ, ಅಥವಾ ಅವಧಿಗೆ ಮುನ್ನ ಜನಿಸಿ ಚೀಪಲಾರದಿದ್ದರೆ, ರಾತ್ರಿಯೂ ಸೇರಿ ದಿನಕ್ಕೆ 8 ಬಾರಿಯಾದರೂ ತೆಗೆಯಬೇಕು. ಬಾಟಲಿಗಿಂತ ಒಳಲೆ ಅಥವಾ ಚಮಚ ಲೇಸು.

ಹಾಲನ್ನು 25 ಡಿಗ್ರಿವರೆಗಿನ ಉಷ್ಣತೆಯಲ್ಲಿ 4 ತಾಸು, ಫ್ರಿಜ್‌ನಲ್ಲಿ 24 ತಾಸು ಇಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಹೊರಗಿಟ್ಟ ಹಾಲಿಗೆ ಈ ಲೆಕ್ಕ ಅನ್ವಯಿಸದು; ಫ್ರಿಜ್ ಇಲ್ಲದಿದ್ದರೆ ತೆಗೆದ ಕೂಡಲೇ ಕುಡಿಸುವುದು ಕ್ಷೇಮ.

ಪುಡಿಹಾಲಿನ ಅಪಾಯ
ಪುಡಿಹಾಲಿಗೆ ಶುದ್ಧ ನೀರು ಬೇಕು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಮೃತಪಟ್ಟಿದ್ದನ್ನು ಮರೆಯುವಂತಿಲ್ಲ. ಶಿಶು ಆಹಾರ ಹಾಗೂ ಹಾಲಿನ ಬಾಟಲಿಗಳ ಪ್ರಚಾರವನ್ನು 1992ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆರು ತಿಂಗಳವರೆಗೆ, ಬಿರುಬೇಸಿಗೆಯಲ್ಲೂ, ಎದೆಹಾಲು ಕುಡಿಯುವ ಮಗುವಿಗೆ ಬೇರೆ ನೀರು ಬೇಡ.

ವೈದ್ಯರನ್ನು ಯಾವಾಗ ಕಾಣಬೇಕು?
ಮೂತ್ರ ಕಡಿಮೆಯಾಗಿ ಮಗು ಮಂಕಾದರೆ, ತೂಕ ಏರದಿದ್ದರೆ, ತಾಯಿಯ ಸ್ತನ ಕೆಂಪಾಗಿ ಜ್ವರ ಬಂದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆ ಅಥವಾ ರಾಯಚೂರಿನ ರಿಮ್ಸ್‌ಗೆ ತೆರಳಬೇಕು. ಹಾಲು ಹೆಚ್ಚಿಸುವ ಮಾತ್ರೆಗಳನ್ನು ಸ್ವತಃ ಕೊಂಡು ನುಂಗಬಾರದು.