ವ್ಯಸನಮುಕ್ತಿಯ ಔಷಧ ಮತ್ತು ಮದ್ಯ: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಹೆರಾಯಿನ್, ಅಫೀಮು ಅಥವಾ ಮತ್ತು ತರಿಸುವ ನೋವಿನ ಮಾತ್ರೆಗಳ ವ್ಯಸನದಿಂದ ಹೊರಬರಲು ವೈದ್ಯರು ಕೊಡುವ ಔಷಧಗಳು ಅನೇಕರ ಪ್ರಾಣ ಉಳಿಸಿವೆ. ಆದರೆ ಅವೇ ಔಷಧಗಳು ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಉಸಿರಾಟವೇ ನಿಂತುಹೋಗಬಹುದು. ಅಂತಹ ಹೊತ್ತಿನಲ್ಲಿ ಬಳಿಯಲ್ಲಿರುವವರು ಸಾಮಾನ್ಯವಾಗಿ ಮನೆಯವರೇ. ಗಡಿನಾಡಿನಲ್ಲಿ ಔಷಧದ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಆಸ್ಪತ್ರೆಯ ಮಾತು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ನಡೆಯುತ್ತದೆ. ಆದುದರಿಂದ ಈ ಮಾಹಿತಿಯನ್ನು ಕನ್ನಡದಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು 2.26 ಕೋಟಿ ಜನರು ಅಫೀಮು ವರ್ಗದ ಮಾದಕಗಳನ್ನೂ, ಸುಮಾರು 16 ಕೋಟಿ ಜನರು ಮದ್ಯವನ್ನೂ ಬಳಸುತ್ತಾರೆ.

ಔಷಧಗಳು ಯಾವುವು?

ಭಾರತದಲ್ಲಿ ಹೆಚ್ಚಾಗಿ ಕೊಡುವುದು ಬ್ಯೂಪ್ರೆನಾರ್ಫಿನ್. ನಾಲಗೆಯ ಕೆಳಗಿಟ್ಟು ಕರಗಿಸುವ ಈ ಮಾತ್ರೆಯಲ್ಲಿ ಕೆಲವೊಮ್ಮೆ ನಲೋಕ್ಸೋನ್ ಕೂಡ ಸೇರಿರುತ್ತದೆ. ಎರಡನೆಯದು ದ್ರವರೂಪದ ಮೆಥಡೋನ್. ಇವು ವ್ಯಸನಿಯ ದೇಹದ ತೀವ್ರ ಬಯಕೆಯನ್ನೂ ಬಿಡುವಾಗಿನ ಯಾತನೆಯನ್ನೂ ತಗ್ಗಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಇವೆರಡನ್ನೂ 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮೂರನೆಯದಾದ ನಾಲ್ಟ್ರೆಕ್ಸೋನ್ ಬೇರೆ ಬಗೆಯದು. ಅದು ಅಫೀಮು ವರ್ಗದ ಮಾದಕಗಳ ಪರಿಣಾಮವನ್ನು ತಡೆಯುತ್ತದೆ. ಮದ್ಯವ್ಯಸನದ ಚಿಕಿತ್ಸೆಯಲ್ಲಿಯೂ ಬಳಕೆಯಲ್ಲಿದೆ. ಮುಂದೆ ಹೇಳುವ ಉಸಿರಾಟದ ಅಪಾಯವು ಮುಖ್ಯವಾಗಿ ಮೊದಲಿನ ಎರಡು ಔಷಧಗಳಿಗೆ ಸಂಬಂಧಿಸಿದ್ದು.

ಅಪಾಯ ಉಂಟಾಗುವ ಬಗೆ

ಉಸಿರಾಟವನ್ನು ನಿಯಂತ್ರಿಸುವ ಕೇಂದ್ರವು ಮಿದುಳಿನ ಬುಡದಲ್ಲಿದೆ. ನಾವು ನಿದ್ರಿಸುವಾಗಲೂ ಉಸಿರಾಡುವಂತೆ ಮಾಡುವುದು ಅದೇ. ಅಫೀಮು ವರ್ಗದ ಔಷಧಗಳು ಈ ಕೇಂದ್ರವನ್ನು ಒಂದು ದಾರಿಯಿಂದ ಮಂದಗೊಳಿಸುತ್ತವೆ; ಮದ್ಯವು ಇನ್ನೊಂದು ದಾರಿಯಿಂದ ಮಂದಗೊಳಿಸುತ್ತದೆ. ಎರಡೂ ಸೇರಿದಾಗ ಉಸಿರು ನಿಧಾನವಾಗಿ, ರಕ್ತದಲ್ಲಿ ಆಮ್ಲಜನಕ ಇಳಿದು, ಪ್ರಜ್ಞೆ ತಪ್ಪುತ್ತದೆ. ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವೂ ಇದೆ.

ಬ್ಯೂಪ್ರೆನಾರ್ಫಿನ್ ಒಂದನ್ನೇ ತೆಗೆದುಕೊಂಡಾಗ ಉಸಿರಾಟದ ಮೇಲಿನ ಪರಿಣಾಮವು ಒಂದು ಮಿತಿಯನ್ನು ದಾಟಿ ಹೆಚ್ಚುವುದಿಲ್ಲ. ಅದನ್ನು ಸುರಕ್ಷಿತವೆನ್ನಲು ಇದೇ ಕಾರಣ. ಮದ್ಯವಾಗಲಿ ನಿದ್ರೆಯ ಮಾತ್ರೆಯಾಗಲಿ ಬೆರೆತರೆ ಈ ಮಿತಿಯ ರಕ್ಷಣೆಯನ್ನು ನಂಬುವಂತಿಲ್ಲ.

ಬೆಳಗಿನ ಮಾತ್ರೆ, ರಾತ್ರಿಯ ಮದ್ಯ

‘ಮಾತ್ರೆ ಬೆಳಿಗ್ಗೆಯೇ ಆಯಿತು, ರಾತ್ರಿ ಸ್ವಲ್ಪ ಕುಡಿದರೆ ಏನೂ ಆಗದು’ ಎಂಬ ಎಣಿಕೆ ತಪ್ಪು. ಈ ಔಷಧಗಳ ಪ್ರಮಾಣವು ದೇಹದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಪ್ರತಿದಿನ ಸೇವಿಸುವವರ ದೇಹದಲ್ಲಿ ಔಷಧವು ಎಲ್ಲ ಹೊತ್ತಿನಲ್ಲಿಯೂ ಇರುತ್ತದೆ. ಮದುವೆ, ಜಾತ್ರೆ, ಹಬ್ಬದ ಮನೆಗಳಲ್ಲಿ ಒತ್ತಾಯ ಮಾಡುವ ಬಂಧುಗಳಿಗೆ ಇದು ತಿಳಿದಿರಬೇಕು. ಚಿಕಿತ್ಸೆಯ ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಹೆಚ್ಚಿಸಿದ ದಿನಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ.

ಕಳ್ಳು, ಹೆಂಡ, ಸಾರಾಯಿ, ಫೆನ್ನಿ, ಬಿಯರ್ ಎಲ್ಲವೂ ಮದ್ಯವೇ. ತೆಲಂಗಾಣದಲ್ಲಿ ಕಳ್ಳಿಗೆ ಆಲ್ಪ್ರಜೋಲಾಂ, ಡಯಾಜೆಪಾಂನಂತಹ ನಿದ್ರಾಜನಕಗಳನ್ನು ಬೆರೆಸಿದ ಪ್ರಕರಣಗಳು ಹಲವು ಬಾರಿ ಪತ್ತೆಯಾಗಿವೆ. ಅಂತಹ ಕಳ್ಳು ಕುಡಿದವರ ದೇಹದಲ್ಲಿ ಉಸಿರನ್ನು ಕುಗ್ಗಿಸುವ ಮೂರು ವಸ್ತುಗಳು ಒಟ್ಟಾಗುತ್ತವೆ. ಆಯುರ್ವೇದದ ಆಸವ, ಅರಿಷ್ಟಗಳಲ್ಲಿಯೂ ಹುದುಗುವಿಕೆಯಿಂದಾದ ಮದ್ಯಸಾರವಿದೆ. ಅವುಗಳನ್ನು ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು.

ಅಪಾಯದ ಲಕ್ಷಣಗಳು

• ಕೂಗಿದರೂ, ಭುಜ ಅಲುಗಿಸಿದರೂ ಎಚ್ಚರವಾಗದಿರುವುದು
• ನಿಮಿಷಕ್ಕೆ 10ಕ್ಕಿಂತ ಕಡಿಮೆ ಉಸಿರು, ಅಥವಾ ಬಿಟ್ಟುಬಿಟ್ಟು ಬರುವ ಉಸಿರು
• ಗೊರಗೊರ ಸದ್ದು, ಎಂದಿನಂತಲ್ಲದ ಗೊರಕೆ
• ತುಟಿ, ಉಗುರುಗಳು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು
• ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುವುದು

‘ಕುಡಿದು ಮಲಗಿದ್ದಾನೆ, ಬೆಳಿಗ್ಗೆ ಏಳುತ್ತಾನೆ’ ಎಂದು ಬಿಟ್ಟುಬಿಡುವುದರಿಂದಲೇ ಪ್ರಾಣಹಾನಿಯಾಗಬಹುದು.

ತಕ್ಷಣ ಮಾಡಬೇಕಾದುದು

ಕೂಡಲೇ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿರಿ. ಉಸಿರಾಡುತ್ತಿದ್ದರೆ ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಒಬ್ಬರು ಬಳಿಯಲ್ಲಿಯೇ ಇದ್ದು ಉಸಿರನ್ನು ಗಮನಿಸುತ್ತಿರಿ. ಉಸಿರು ನಿಂತಿದ್ದರೆ, ಕರೆ ಸ್ವೀಕರಿಸಿದವರು ಹೇಳಿದಂತೆ ಕೃತಕ ಉಸಿರಾಟವನ್ನೂ ಎದೆಯೊತ್ತುವಿಕೆಯನ್ನೂ ಆರಂಭಿಸಿರಿ. ತಣ್ಣೀರು ಸುರಿಯುವುದು, ಮಜ್ಜಿಗೆ ಕಾಫಿ ಕುಡಿಸುವುದು, ಬಲವಂತವಾಗಿ ವಾಂತಿ ಮಾಡಿಸುವುದು ಬೇಡ. ಸೇವಿಸಿದ ಔಷಧದ ಹೆಸರನ್ನೂ ಮದ್ಯದ ವಿಷಯವನ್ನೂ ಮುಚ್ಚಿಡದೆ ಹೇಳಿರಿ. ಆಸ್ಪತ್ರೆಯಲ್ಲಿ ಕೊಡುವ ನಲೋಕ್ಸೋನ್ ಚುಚ್ಚುಮದ್ದು ಅಫೀಮು ವರ್ಗದ ಔಷಧದ ಪರಿಣಾಮವನ್ನು ಹಿಂತಿರುಗಿಸಬಲ್ಲದು, ಮದ್ಯದ ಪರಿಣಾಮವನ್ನಲ್ಲ. ಆದ್ದರಿಂದ ಎಚ್ಚರವಾದ ಮೇಲೂ ಆಸ್ಪತ್ರೆಯ ನಿಗಾ ಬೇಕು.

ಔಷಧವನ್ನು ತಾವೇ ನಿಲ್ಲಿಸಬಾರದು

ಕುಡಿಯುವ ದಿನ ಮಾತ್ರೆ ಬಿಡುವುದು ಪರಿಹಾರವಲ್ಲ. ಚಿಕಿತ್ಸೆ ತಪ್ಪಿದವರು ಹಳೆಯ ಮಾದಕಕ್ಕೆ ಮರಳುವ ಸಂಭವ ಹೆಚ್ಚು. ಸಹಿಷ್ಣುತೆ ಕುಗ್ಗಿರುವುದರಿಂದ ಹಿಂದಿನ ಪ್ರಮಾಣವೇ ಮಾರಕವಾಗಬಹುದು. ಮದ್ಯ ಅಥವಾ ನಿದ್ರಾಜನಕ ಬಳಸುತ್ತಾರೆಂಬ ಒಂದೇ ಕಾರಣಕ್ಕೆ ಈ ಔಷಧಗಳನ್ನು ನಿರಾಕರಿಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2017ರಲ್ಲಿ ವೈದ್ಯರಿಗೆ ತಿಳಿಸಿತು. ಎಚ್ಚರಿಕೆಯ ಮೇಲ್ವಿಚಾರಣೆಯಿಂದ ಅಪಾಯವನ್ನು ತಗ್ಗಿಸಬಹುದು.

ದಿನವೂ ಹೆಚ್ಚಾಗಿ ಕುಡಿಯುವವರು ಮದ್ಯವನ್ನು ಥಟ್ಟನೆ ನಿಲ್ಲಿಸಿದರೂ ಅಪಸ್ಮಾರದಂತಹ ಸೆಳವು ಮತ್ತು ಬುದ್ಧಿಭ್ರಮೆ ಬರಬಹುದು. ಅದಕ್ಕೂ ವೈದ್ಯರ ನೆರವು ಅಗತ್ಯ. ಕುಡಿತದ ಸಂಗತಿಯನ್ನು ವೈದ್ಯರಿಗೆ ಹೇಳಲು ಸಂಕೋಚವಾದರೆ ಮನೆಯವರು ಜೊತೆಗೆ ಹೋಗಿರಿ.

ಮನೆಯಲ್ಲಿ ಮತ್ತು ಶಾಲೆಯಲ್ಲಿ

ಮನೆಗೆ ತಂದ ಮಾತ್ರೆ, ದ್ರವಗಳನ್ನು ಬೀಗ ಹಾಕಿಡಿರಿ. ದೊಡ್ಡವರ ಒಂದು ದಿನದ ಪ್ರಮಾಣವೂ ಮಗುವಿನ ಪ್ರಾಣಕ್ಕೆ ಎರವಾಗಬಹುದು. 108ಕ್ಕೆ ಕರೆ ಮಾಡಿ ಮನೆಯ ವಿಳಾಸವನ್ನು ರಾಜ್ಯಭಾಷೆಯಲ್ಲಿ ಹೇಳುವುದನ್ನು ಮಕ್ಕಳಿಗೆ ಕಲಿಸಿರಿ.

ಮಾದಕ ವ್ಯಸನದ ಬಗ್ಗೆ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮಾನಸ್ 14416. ಟೆಲಿ ಮಾನಸ್‌ನ ಸೇವೆ ಕನ್ನಡದಲ್ಲಿಯೂ ಇದೆ. ಕರೆ ಮಾಡಿದಾಗ ಕನ್ನಡ ಬೇಕೆಂದು ಕೇಳಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸಮೀಪದ ಚಿಕಿತ್ಸಾ ಕೇಂದ್ರದಲ್ಲಿ ಕೊಟ್ಟ ಸೂಚನೆ ಅರ್ಥವಾಗದಿದ್ದರೆ, ಮತ್ತೊಮ್ಮೆ ಹೇಳಿಸಿಕೊಂಡು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವಂತೆ ನಾವು ಎಲ್ಲ ಕುಟುಂಬಗಳನ್ನು ಕೋರುತ್ತೇವೆ.